ರೂಟರ್ ಪೆಟ್ಟಿಗೆಯ ಮುಂಬದಿಯಲ್ಲೇ ಪೋರ್ಟ್ ವೇಗ ಮುದ್ರಿಸಲಿ

ಮಾನ್ಯ ಸಂಪಾದಕರೆ,

ಫೈಬರ್ ಸಂಪರ್ಕ ಇರುವ ಮನೆಗಳಿಂದ ಪದೇ ಪದೇ ಕೇಳಿಬರುವ ದೂರು ಒಂದಿದೆ: ಪ್ಲಾನ್ 200 ಅಥವಾ 300 ಎಂಬಿಪಿಎಸ್, ಆದರೆ ಬರುವುದು 90ರಿಂದ 95 ಮಾತ್ರ. ಬೆಳಿಗ್ಗೆ ನೋಡಿದರೂ ಅಷ್ಟೇ, ನಡುರಾತ್ರಿ ನೋಡಿದರೂ ಅಷ್ಟೇ. ವೇಗ ಹೀಗೆ ಒಂದೇ ಅಂಕಿಗೆ ಅಂಟಿಕೊಂಡು ನಿಂತಿದ್ದರೆ ದೋಷ ಹೊರಗಿನ ಫೈಬರ್‌ನಲ್ಲಿರುವುದು ಅಪರೂಪ. ರೂಟರ್‌ನ ಹಿಂಬದಿಯಲ್ಲಿ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿರುವ, ಇಂಟರ್‌ನೆಟ್ ಕೇಬಲ್ ಸೇರುವ ವ್ಯಾನ್ ಪೋರ್ಟನ್ನು ಮೊದಲು ಅನುಮಾನಿಸಬೇಕು. ಕಡಿಮೆ ಬೆಲೆಯ ಅನೇಕ ರೂಟರ್‌ಗಳಲ್ಲಿ ಈ ಪೋರ್ಟ್‌ನ ಮಿತಿಯೇ 100 ಎಂಬಿಪಿಎಸ್. ಅದರಲ್ಲಿ ಈಥರ್‌ನೆಟ್ ಮತ್ತು ಐಪಿ ಹೆಡರ್‌ಗಳ (ದತ್ತಾಂಶದ ಜೊತೆ ಸಾಗುವ ವಿಳಾಸ ಮುಂತಾದ ವಿವರಗಳ) ಪಾಲು ಕಳೆದರೆ ಬಳಕೆಗೆ ಉಳಿಯುವುದು ಹೆಚ್ಚೆಂದರೆ 95. ವಿಷಾದವೆಂದರೆ ಅಂಥ ರೂಟರ್‌ನ ಪೆಟ್ಟಿಗೆಯ ಮೇಲೂ ‘ಎಸಿ1200’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ.

ಈ 1200 ಎಂಬುದು ಎರಡು ಬ್ಯಾಂಡ್‌ಗಳ (ರೇಡಿಯೊ ತರಂಗಪಟ್ಟಿಗಳ) ವೈಫೈ ವೇಗವನ್ನು ಕೂಡಿಸಿದ ಲೆಕ್ಕ. 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867, ಒಟ್ಟು 1167. ಅದನ್ನು ದುಂಡು ಮಾಡಿದರೆ 1200. ಇಂಥ ರೂಟರ್‌ಗೆ ಸೇರಿದ ಫೋನು ಒಂದು ಸಲಕ್ಕೆ ಒಂದೇ ಬ್ಯಾಂಡಿನಲ್ಲಿ ಇರುತ್ತದೆ, ಹಾಗಾಗಿ 1200 ಯಾವ ಫೋನಿಗೂ ಸಿಗುವ ವೇಗವಲ್ಲ. 867 ಕೂಡ ರೇಡಿಯೊ ಸಂಪರ್ಕದ ಗರಿಷ್ಠ ದರವಷ್ಟೆ. ಹತ್ತಿರದಲ್ಲೇ ಕುಳಿತರೂ ಕೈಗೆ ಬರುವುದು ಅದರ ಅರ್ಧದಿಂದ ಮೂರನೇ ಎರಡು ಭಾಗ. ‘ಎಎಕ್ಸ್3000’ದ ಲೆಕ್ಕವೂ ಇದೇ ರೀತಿ: 574 ಮತ್ತು 2402. ಆ 2402 ಸಿಗಬೇಕಾದರೆ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು, ಫೋನಿಗೂ ಅದು ಗೊತ್ತಿರಬೇಕು. 80 ಮೆಗಾಹರ್ಟ್ಸ್‌ಗೆ ಸೀಮಿತವಾದ ಫೋನು 1201ರಲ್ಲೇ ನಿಲ್ಲುತ್ತದೆ, ಅಷ್ಟನ್ನು ‘ಎಎಕ್ಸ್1500’ ರೂಟರೇ ಕೊಡುತ್ತದೆ. ಇಷ್ಟು ಲೆಕ್ಕ ಹಾಕುವ ಹೊಣೆಯನ್ನು ಗ್ರಾಹಕನ ಮೇಲೆ ಹೊರಿಸುವುದು ಅನ್ಯಾಯ. ತಯಾರಕರು ವ್ಯಾನ್ ಮತ್ತು ಲ್ಯಾನ್ (ಮನೆಯ ಸಾಧನಗಳಿಗೆ ತಂತಿ ಜೋಡಿಸುವ) ಪೋರ್ಟ್‌ಗಳ ವೇಗವನ್ನು ಪೆಟ್ಟಿಗೆಯ ಮುಂಬದಿಯಲ್ಲಿ, ವೈಫೈ ಸಂಖ್ಯೆಯಷ್ಟೇ ದೊಡ್ಡದಾಗಿ ಮುದ್ರಿಸಬೇಕು. ರೂಟರ್‌ಗಳನ್ನು ಪರಿಚಯಿಸುವ ತಂತ್ರಜ್ಞಾನ ಪುಟಗಳೂ ಈ ಒಂದು ಅಂಕಿಯನ್ನು ಮೊದಲ ಸಾಲಿನಲ್ಲೇ ಕೊಡಲಿ ಎಂಬುದು ನಮ್ಮ ಕೋರಿಕೆ.

ಅಲ್ಲಿಯವರೆಗೆ ಕೊಳ್ಳುವವರು ಪೆಟ್ಟಿಗೆಯನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದಬೇಕು. ‘10/100’ ಎಂದಿದ್ದರೆ 100ರ ಪೋರ್ಟ್. ‘10/100/1000’ ಅಥವಾ ‘ಗಿಗಾಬಿಟ್’ ಎಂದಿದ್ದರೆ ಸರಿ. ವ್ಯಾನ್ ಒಂದೇ ಗಿಗಾಬಿಟ್ ಇದ್ದು ಲ್ಯಾನ್ ಪೋರ್ಟ್‌ಗಳು 100ರವಾಗಿರುವ ಮಾದರಿಗಳೂ ಇವೆ, ಟಿವಿಗೋ ಕಂಪ್ಯೂಟರಿಗೋ ತಂತಿ ಎಳೆಯುವವರು ಅದನ್ನೂ ನೋಡಿಕೊಳ್ಳಲಿ. ಪ್ಲಾನ್ 50 ಎಂಬಿಪಿಎಸ್ ಇದ್ದು ಮುಂದೆ ಏರಿಸುವ ಯೋಚನೆಯೂ ಇಲ್ಲದವರಿಗೆ 100ರ ಪೋರ್ಟ್ ಸಾಕು. ಆದರೆ 2.4 ಗಿಗಾಹರ್ಟ್ಸ್ ಮಾತ್ರ ಇರುವ ‘ಎನ್300’ ರೂಟರ್ ಅವರಿಗೂ ಬೇಡ. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮೂರೇ. ಅಕ್ಕಪಕ್ಕದ ಮನೆಗಳ ವೈಫೈ ತುಂಬಿರುವ ಕಟ್ಟಡದಲ್ಲಿ ರೂಟರ್ 40 ಮೆಗಾಹರ್ಟ್ಸ್‌ನಿಂದ 20ಕ್ಕೆ ಇಳಿದರೆ ಆ 300 ಕೂಡ 144 ಆಗುತ್ತದೆ.

ಹಣ ಉಳಿಸಲು ಬೇರೆ ಜಾಗಗಳಿವೆ. ಆಂಟೆನಾ ಎಣಿಸಬೇಡಿ: ನಾಲ್ಕು ಕೋಲುಗಳಿದ್ದರೂ ಒಳಗೆ ಪ್ರತಿ ಬ್ಯಾಂಡಿಗೆ ಎರಡೇ ಸ್ಟ್ರೀಮ್ (ಏಕಕಾಲದ ದತ್ತಾಂಶ ಹರಿವು) ಇರಬಹುದು, ಸಾಮಾನ್ಯ ಫೋನಿನಲ್ಲಿ ಇರುವುದೂ ಹೆಚ್ಚೆಂದರೆ ಎರಡೇ. ಬಣ್ಣದ ದೀಪ, ‘ಗೇಮಿಂಗ್’ ಎಂಬ ಪಟ್ಟಿ, ಯುಎಸ್‌ಬಿ ಪೋರ್ಟ್ ಇಲ್ಲದಿದ್ದರೂ ನಷ್ಟವಿಲ್ಲ. ಆದರೆ ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ತಂತ್ರಾಂಶದ ವಿಷಯದಲ್ಲಿ ರಾಜಿ ಬೇಡ. ಖರೀದಿಗೆ ಮುಂಚೆ ತಯಾರಕರ ಜಾಲತಾಣಕ್ಕೆ ಹೋಗಿ ಆ ಮಾದರಿಯ ಕೊನೆಯ ಫರ್ಮ್‌ವೇರ್ ಯಾವಾಗ ಬಂದಿದೆ ನೋಡಿ. ಎರಡು ಮೂರು ವರ್ಷಗಳಿಂದ ಏನೂ ಬಂದಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಒಂದೇ ಹೆಸರಿನ ಮಾದರಿಗೆ ವಿ1, ವಿ2, ವಿ3 ಎಂದು ಹಲವು ಹಾರ್ಡ್‌ವೇರ್ ಆವೃತ್ತಿಗಳಿರುತ್ತವೆ, ಒಳಗಿನ ಚಿಪ್ಪೇ ಬೇರೆಯಾಗಿರಬಹುದು. ತಳದ ಲೇಬಲ್‌ನಲ್ಲಿರುವ ಆವೃತ್ತಿಯನ್ನೇ ಹುಡುಕಬೇಕು.

ಇನ್ನು ಕೆಲವರು ತಿಳಿಯದೆ ಎಡಿಎಸ್‌ಎಲ್ ಮೋಡೆಮ್ ರೂಟರ್ ತರುತ್ತಾರೆ. ಅದರಲ್ಲಿರುವುದು ದೂರವಾಣಿ ತಂತಿಯ ಸಣ್ಣ ಪೋರ್ಟ್, ಫೈಬರ್‌ಗೆ ಪ್ರಯೋಜನವಿಲ್ಲ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಕೆಲಸ ಒಎನ್‌ಟಿ ಎಂಬ ಪೆಟ್ಟಿಗೆಯದು. ಅದರ ಸೀರಿಯಲ್ ಸಂಖ್ಯೆ ಸೇವಾ ಸಂಸ್ಥೆಯ ಉಪಕರಣದಲ್ಲಿ ನೋಂದಣಿಯಾಗಿರುತ್ತದೆ. ಆದ್ದರಿಂದ ಹೊರಗಿನಿಂದ ತಂದ ಇನ್ನೊಂದು ಒಎನ್‌ಟಿಗೆ ಫೈಬರ್ ಕೊಂಡಿ ಸರಿಯಾಗಿ ಕೂತರೂ ನೋಂದಣಿಯಾಗದೆ ಅದು ನಡೆಯದು. ಇರುವ ಒಎನ್‌ಟಿ ಹಾಗೇ ಇರಲಿ. ಅದರ ಲ್ಯಾನ್ ಪೋರ್ಟ್‌ನಿಂದ ಹೊಸ ರೂಟರ್‌ನ ವ್ಯಾನ್‌ಗೆ ಒಂದು ಕೇಬಲ್ ಸಾಕು. ಒಎನ್‌ಟಿಯ ಆ ಪೋರ್ಟೂ ಗಿಗಾಬಿಟ್ ಆಗಿರಬೇಕು ಎಂಬುದನ್ನು ಮರೆಯಬಾರದು.

ಒಎನ್‌ಟಿಯೇ ರೂಟರ್ ಕೆಲಸವನ್ನೂ ಮಾಡುತ್ತಿದ್ದರೆ ಎರಡು ದಾರಿಗಳಿವೆ. ಸುಲಭವಾದದ್ದು ಹೊಸ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹಂಚುವ ವಿಧಾನಕ್ಕೆ) ಹಾಕಿ, ಒಎನ್‌ಟಿಯ ವೈಫೈ ಬಂದ್ ಮಾಡುವುದು. ಇನ್ನೊಂದು, ಒಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ಸಂಕೇತವನ್ನು ಹಾಗೇ ದಾಟಿಸುವ ವಿಧಾನಕ್ಕೆ) ಹಾಕಿಸಿ ಲಾಗಿನ್ ಕೆಲಸವನ್ನು ರೂಟರ್‌ಗೇ ಕೊಡುವುದು. ಇದಕ್ಕೆ ಮುಂಚೆ ಸೇವಾ ಸಂಸ್ಥೆಯನ್ನು ಕೇಳಿ ತಿಳಿಯಬೇಕಾದದ್ದು: ಸಂಪರ್ಕ ಪಿಪಿಪಿಒಇಯೋ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದು) ಡಿಎಚ್‌ಸಿಪಿಯೋ (ವಿಳಾಸ ತಾನಾಗಿ ಸಿಗುವುದು), ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಏನು, ವಿಲ್ಯಾನ್ ಸಂಖ್ಯೆ (ಒಂದೇ ತಂತಿಯ ಸೇವೆಗಳನ್ನು ಬೇರ್ಪಡಿಸುವ ಗುರುತು) ಬೇಕೇ, ಹಳೆಯ ಸಾಧನದ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತು ಸಂಖ್ಯೆಗೆ) ಖಾತೆ ಕಟ್ಟಿಹಾಕಲಾಗಿದೆಯೇ. ವಿಲ್ಯಾನ್ ಬೇಕಾದಲ್ಲಿ ಆ ಸೌಲಭ್ಯವಿಲ್ಲದ ರೂಟರ್ ಕೊಂಡರೆ ದುಡ್ಡು ದಂಡ. ಒಎನ್‌ಟಿಗೆ ದೂರವಾಣಿ ಜೋಡಿಸಿದ್ದರೆ, ಬ್ರಿಜ್ ಮಾಡಿದ ಮೇಲೂ ಅದು ನಡೆಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಈ ಎರಡೂ ಮಾಡದೆ ಸುಮ್ಮನೆ ಜೋಡಿಸಿದರೆ ಮನೆಯೊಳಗಿನ ಐಪಿ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ಕೆಲಸ ಎರಡು ಕಡೆ ನಡೆಯುತ್ತದೆ. ಸಾಮಾನ್ಯ ಬಳಕೆಗೆ ಅಡ್ಡಿಯಿಲ್ಲ, ಆನ್‌ಲೈನ್ ಆಟ ಮತ್ತು ಹೊರಗಿನಿಂದ ಕ್ಯಾಮೆರಾ ನೋಡುವ ವ್ಯವಸ್ಥೆಗೆ ತೊಡಕು. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1 ಆಗಿದ್ದರೆ ಇಂಟರ್‌ನೆಟ್ಟೇ ಬರದಿರಬಹುದು, ರೂಟರ್‌ನದನ್ನು 192.168.50.1 ಎಂದು ಬದಲಿಸಿ.

ಪಿಪಿಪಿಒಇಯಲ್ಲಿ ಅಗ್ಗದ ರೂಟರ್‌ನ ಪ್ರೊಸೆಸರ್‌ಗೆ ಹೊರೆ ಹೆಚ್ಚು. ಹಾರ್ಡ್‌ವೇರ್ ನೆರವಿನಿಂದ ಅದು ಹೇಗೋ ನಿಭಾಯಿಸುತ್ತಿರುತ್ತದೆ. ವೇಗ ಹಂಚಿಕೆ, ಮಕ್ಕಳ ಬಳಕೆ ನಿಯಂತ್ರಣದಂಥ ಸೌಲಭ್ಯ ಚಾಲೂ ಮಾಡಿದೊಡನೆ ಎಷ್ಟೋ ಮಾದರಿಗಳಲ್ಲಿ ಆ ನೆರವು ತಪ್ಪಿ ವೇಗ ಕುಸಿಯುತ್ತದೆ. ವೇಗ ಏಕಾಏಕಿ ಇಳಿದರೆ ಮೊದಲು ಇವನ್ನು ಬಂದ್ ಮಾಡಿ ನೋಡಿ.

ರೂಟರ್ ಬದಲಿಸಿಯೂ 95 ದಾಟದಿದ್ದರೆ ಕೇಬಲ್ ಬದಲಿಸಿ. ಗಿಗಾಬಿಟ್‌ಗೆ ಎಂಟೂ ಎಳೆಗಳು ಬೇಕು, 100ಕ್ಕೆ ನಾಲ್ಕು ಸಾಕು. ಒಂದು ಎಳೆ ಕಡಿದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಕ್ಯಾಟ್5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಮನೆಗೆ ಅದಕ್ಕಿಂತ ದುಬಾರಿಯದು ಬೇಡ. ಹಳದಿ ಬಣ್ಣದ ತೆಳು ಫೈಬರ್ ತಂತಿಯನ್ನು ಮಾತ್ರ ಬಿಗಿಯಾಗಿ ಮಡಚಬೇಡಿ, ಅದರ ತುದಿಗೆ ಕಣ್ಣಿಡಲೂಬೇಡಿ. ಒಎನ್‌ಟಿಯಲ್ಲಿ ‘ಲಾಸ್’ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲವೆಂದರ್ಥ, ರೂಟರ್ ಬದಲಿಸಿ ಫಲವಿಲ್ಲ.

5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ದುರ್ಬಲ. ರೂಟರ್ ಅನ್ನು ಕಪಾಟಿನೊಳಗೆ ಅಥವಾ ಟಿವಿಯ ಹಿಂದೆ ಬಚ್ಚಿಡದೆ, ಮನೆಯ ನಡುಭಾಗದಲ್ಲಿ ಎದೆಮಟ್ಟಕ್ಕೆ ಇಡಿ. ದೂರದ ಕೋಣೆಗೆ ತಲುಪದಿದ್ದರೆ ತಂತಿ ಎಳೆದು ಇನ್ನೊಂದು ಸಾದಾ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಮಾಡುವುದು ಎಲ್ಲಕ್ಕಿಂತ ಮೇಲು. ತಂತಿಯಿಲ್ಲದ ಎಕ್ಸ್‌ಟೆಂಡರ್ ಒಂದೇ ಬ್ಯಾಂಡಿನಲ್ಲಿ ಕೇಳಿ ಮತ್ತೆ ಹೇಳಬೇಕಾಗಿ ಬಂದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮೊದಲ ದಿನವೇ ಆಡಳಿತದ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈ ಸೇರುವ ಸೌಲಭ್ಯ) ಬಂದ್ ಮಾಡಿ, ಭದ್ರತೆಯನ್ನು ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3ಕ್ಕೆ ಇಡಿ. ಅಡಾಪ್ಟರ್‌ಗಳನ್ನು ಅದಲು ಬದಲು ಮಾಡಬೇಡಿ: 9 ವೋಲ್ಟ್‌ನ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋದೀತು. ಮಿನಿ ಯುಪಿಎಸ್ ಕೊಳ್ಳುವಾಗ ರೂಟರ್ ಮತ್ತು ಒಎನ್‌ಟಿ ಎರಡರ ವೋಲ್ಟ್ ಹೊಂದಬೇಕು, ಎರಡರ ಆಂಪಿಯರ್ ಕೂಡಿಸಿದ್ದಕ್ಕಿಂತ ಅದರ ಸಾಮರ್ಥ್ಯ ಕಡಿಮೆ ಇರಬಾರದು.

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮಾಡಿ. ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ತಂತಿಯಲ್ಲಿ ರೂಟರ್‌ಗೆ ಜೋಡಿಸಿ ವೇಗ ಅಳೆಯಿರಿ. ಬಳಿಕ ಎರಡು ಮೀಟರ್ ದೂರದಲ್ಲಿ 5 ಗಿಗಾಹರ್ಟ್ಸ್ ವೈಫೈನಲ್ಲಿ ಅಳೆಯಿರಿ. ತಂತಿಯಲ್ಲಿ ಪೂರ್ತಿ ಬಂದು ವೈಫೈನಲ್ಲಿ ಕುಗ್ಗಿದರೆ ಜಾಗ ಅಥವಾ ಚಾನೆಲ್ ಬದಲಿಸಬೇಕು. ತಂತಿಯಲ್ಲೇ 95ಕ್ಕೆ ನಿಂತರೆ ಪೋರ್ಟ್ ಮತ್ತು ಕೇಬಲ್ ನೋಡಬೇಕು.

ಇತಿ,
ನೆಟ್‌ವರ್ಕ್ ತಂತ್ರಜ್ಞರು