ಹುಲ್ಲೆಂದು ಕರೆದುದೆಲ್ಲ ಹುಲ್ಲಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕೃಷಿ ಪುರವಣಿಯಲ್ಲಿ ಮಳೆಗಾಲದ ಕೈತೋಟದ ಬಗ್ಗೆ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖಕರ ಉದ್ದೇಶ ಒಳ್ಳೆಯದೇ. ಆದರೆ ಕಾಂಗ್ರೆಸ್ ಹುಲ್ಲು, ಜೇಕು ಮತ್ತು ಗರಿಕೆ ಈ ಮೂರನ್ನೂ ‘ಹುಲ್ಲು ಜಾತಿಯ ಕಳೆಗಳು’ ಎಂದು ಒಂದೇ ಪಂಕ್ತಿಯಲ್ಲಿ ಕೂರಿಸಿ, ಮೂರಕ್ಕೂ ‘ಬೇರುಸಹಿತ ಕಿತ್ತುಹಾಕಿ’ ಎಂಬ ಒಂದೇ ಮದ್ದನ್ನು ಹೇಳಿರುವುದನ್ನು ಕಂಡು ಈ ಪತ್ರ ಬರೆಯಬೇಕೆನಿಸಿತು. ಈ ಮೂರರಲ್ಲಿ ನಿಜವಾದ ಹುಲ್ಲು ಗರಿಕೆಯೊಂದೇ. ಕಾಂಗ್ರೆಸ್ ಹುಲ್ಲು ಸೂರ್ಯಕಾಂತಿ, ಸೇವಂತಿಗೆಗಳ ಬಳಗಕ್ಕೆ ಸೇರಿದ್ದು. ಜೇಕು ಹುಲ್ಲಿನ ವೇಷ ತೊಟ್ಟ ಬೇರೆಯೇ ಕುಟುಂಬದ ಗಿಡ. ಇದು ಬರಿಯ ಹೆಸರಿನ ತಕರಾರಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಗಿಡದ ಮೈಕಟ್ಟನ್ನು ಅರಿಯದೆ ಕೈಹಾಕಿದರೆ ಕಳೆ ಕಡಿಮೆಯಾಗುವ ಮಾತಿರಲಿ, ಇಮ್ಮಡಿಯಾಗುತ್ತದೆ ಎಂಬುದನ್ನು ನನ್ನ ಹಿತ್ತಿಲಿನಲ್ಲೇ ಅನುಭವಿಸಿದ್ದೇನೆ.

ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ಮನೆಯ ಹಿಂದಿನ ಚೂರು ಜಾಗದಲ್ಲಿ ಸೊಪ್ಪು, ಬೆಂಡೆ, ಹೀರೆ ಹಾಕಿಕೊಂಡೆ. ಮೊದಲ ಮಳೆಗಾಲ ಪೂರ್ತಿ ಪ್ರತಿ ಭಾನುವಾರ ಬೆಳಿಗ್ಗೆ ಜೇಕನ್ನು ಹಿಡಿದೆಳೆದು ಕಿತ್ತೆ. ಎಳೆದಾಗ ಹಸಿರು ಗರಿಯ ಜೊತೆಗೆ ಬಿಳಿಯ ಬುಡವೊಂದು ‘ಟಪ್’ ಎಂದು ಕೈಗೆ ಬರುತ್ತಿತ್ತು. ಬೇರೇ ಬಂತೆಂದು ಸಮಾಧಾನಪಡುತ್ತಿದ್ದೆ. ಹದಿನೈದು ದಿನ ಕಳೆಯುವುದರೊಳಗೆ ಒಂದಿದ್ದಲ್ಲಿ ಮೂರು ಮೊಳೆತಿರುತ್ತಿದ್ದವು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬೇರು, ಕಾಂಡ, ಎಲೆ, ಹೂ ಬಿಡಿಸಿದ್ದ ನನಗೆ, ನೆಲದೊಳಗೆ ಇರುವುದೆಲ್ಲ ಬೇರಲ್ಲ ಎಂಬ ಪಾಠ ಆ ಗಿಡದಿಂದ ಮತ್ತೊಮ್ಮೆ ಆಗಬೇಕಾಯಿತು. ಕೊನೆಗೊಂದು ದಿನ ಗುದ್ದಲಿ ಹಿಡಿದು ಅಗೆದು ನೋಡಿದಾಗ ಕಂಡದ್ದು ಬೇರಿನ ಗೊಂಚಲಲ್ಲ. ತಂತಿಯಂಥ ಎಳೆಗಳಲ್ಲಿ ಪೋಣಿಸಿದ ಕರಿಮಣಿಯ ಸರದ ಹಾಗೆ, ಒಂದರಿಂದ ಒಂದಕ್ಕೆ ಹಬ್ಬಿದ ಗಡ್ಡೆಗಳು.

ಆ ಎಳೆಗಳೂ ಗಡ್ಡೆಗಳೂ ಬೇರಲ್ಲ, ನೆಲದಡಿಯ ಕಾಂಡ. ಕಾಂಡ ಎಂದ ಮೇಲೆ ಅದಕ್ಕೆ ಗೆಣ್ಣು ಉಂಟು, ಗೆಣ್ಣಿನಲ್ಲಿ ಮೊಗ್ಗು ಉಂಟು. ಸರ ಅಖಂಡವಾಗಿರುವವರೆಗೆ ತುದಿಯ ಗಡ್ಡೆಯೇ ಯಜಮಾನ. ಅದು ಚಿಗುರುತ್ತಿರುವಷ್ಟು ಕಾಲ ಹಿಂದಿನ ಗಡ್ಡೆಗಳ ಮೊಗ್ಗುಗಳು ಬಹುಮಟ್ಟಿಗೆ ನಿದ್ದೆಯಲ್ಲಿರುತ್ತವೆ. ನಾವು ಎಳೆದು ಸರವನ್ನು ತುಂಡರಿಸಿದೆವೋ, ಒಂದೊಂದು ಮಣಿಯೂ ಸ್ವತಂತ್ರವಾಗಿ ಚಿಗುರುತ್ತದೆ. ‘ಬೇರುಸಹಿತ ಕಿತ್ತುಹಾಕಿ’ ಎಂಬ ಸಲಹೆ ಜೇಕಿನ ಪಾಲಿಗೆ ಆಶೀರ್ವಾದವಾಗುವುದು ಹೀಗೆ. ಇದರ ವಂಶ ಮುಖ್ಯವಾಗಿ ಹಬ್ಬುವುದು ಗಡ್ಡೆಯಿಂದಲೇ. ಬೀಜದ ಪಾತ್ರ ಬಹಳ ಕಡಿಮೆ. ಆದ್ದರಿಂದ ಹಳೆಯ ರೈತರು ಮಾಗಿ ಉಳುಮೆ ಮಾಡಿ ಗಡ್ಡೆಗಳನ್ನು ಮೇಲೆತ್ತಿ ಬೇಸಿಗೆಯ ಬಿಸಿಲಿಗೆ ಒಣಗಲು ಬಿಡುತ್ತಿದ್ದುದರಲ್ಲಿ ಅರ್ಥವಿದೆ. ಜೇಕಿಗೆ ಬಿಸಿಲು ಬೇಕು, ನೆರಳು ಆಗದು; ಬೇಗ ಹಬ್ಬಿ ನೆಲ ಮುಚ್ಚುವ ಬೆಳೆಯ ಕೆಳಗೆ ಅದು ಸೊರಗುತ್ತದೆ. ನನ್ನ ಹಿತ್ತಿಲಿನಲ್ಲಿ ಅದಕ್ಕೆ ಕಡಿವಾಣ ಬಿದ್ದದ್ದು ಕುಂಬಳದ ಬಳ್ಳಿಯಿಂದ, ನನ್ನ ಭಾನುವಾರಗಳಿಂದಲ್ಲ.

ಇದನ್ನು ಗರಿಕೆಯಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವೇನಲ್ಲ. ಹೂ ಹೊತ್ತ ಕಡ್ಡಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟು ಉರುಳಿಸಬೇಕು. ಗರಿಕೆಯ ಕಡ್ಡಿ ಉರುಳುತ್ತದೆ, ನಡುನಡುವೆ ಗೆಣ್ಣು ತಗಲುತ್ತದೆ. ಜೇಕಿನದು ಉರುಳುವುದಿಲ್ಲ, ಮೂರು ಅಂಚು ಬೆರಳಿಗೆ ಒತ್ತುತ್ತವೆ, ಬುಡದಿಂದ ಹೂಗೊಂಚಲಿನವರೆಗೆ ಒಂದೂ ಗೆಣ್ಣು ಸಿಗುವುದಿಲ್ಲ. ಮೇಲಿನಿಂದ ಇಣುಕಿದರೆ ಜೇಕಿನ ಎಲೆಗಳು ಮೂರು ದಿಕ್ಕಿಗೆ ಚಾಚಿರುತ್ತವೆ, ಗರಿಕೆಯವು ಎರಡು ಸಾಲಿನಲ್ಲಿ ಎದುರುಬದುರಾಗಿ ಹೊರಡುತ್ತವೆ. ಎಲೆಯ ಬುಡ ಕಾಂಡವನ್ನು ಸುತ್ತಿಕೊಳ್ಳುವ ರೀತಿಯೂ ಬೇರೆ: ಗರಿಕೆಯಲ್ಲಿ ಅದು ಮುಂದೆ ತೆರೆದ ಅಂಗಿ, ಜೇಕಿನಲ್ಲಿ ಹೊಲಿದ ಜುಬ್ಬ. ಹೂ ಬಂದ ಮೇಲಂತೂ ಸಂಶಯವೇ ಬೇಡ. ಗರಿಕೆಯ ತೆನೆ ಒಂದೇ ಬಿಂದುವಿನಿಂದ ಹೊರಟ ನಾಲ್ಕೈದು ಬೆರಳುಗಳಂತಿರುತ್ತದೆ. ಅದರ ವೈಜ್ಞಾನಿಕ ಹೆಸರಾದ ಸೈನೊಡಾನ್ ಡ್ಯಾಕ್ಟಿಲಾನ್ ಎಂಬುದರ ಎರಡನೆಯ ಪದ ಬೆರಳನ್ನೇ ಸೂಚಿಸುತ್ತದೆ. ಗರಿಕೆ ನೆಲದ ಮೇಲೂ ನೆಲದೊಳಗೂ ಕಾಂಡ ಹರಿಸುವುದರಿಂದ ಅದನ್ನು ಕುಡುಗೋಲಿನಲ್ಲಿ ಕೊಚ್ಚುವುದೆಂದರೆ ನಾಟಿ ಮಾಡಿದಂತೆಯೇ ಸರಿ. ಒಂದು ಗೆಣ್ಣು ಉಳಿದರೆ ಸಾಕು, ಬೇರು ಬಿಡುತ್ತದೆ. ಗಣೇಶನ ಪೂಜೆಗೆ 21 ಗರಿಕೆ ಆಯುವಾಗ ಮನೆಯ ಹಿರಿಯರು ಮೂರೆಲೆಯ ಕುಡಿಯನ್ನೇ ಹುಡುಕಿಸುತ್ತಿದ್ದುದು ನೆನಪಾಗುತ್ತದೆ. ಮಕ್ಕಳು ಹುಲ್ಲಿನ ತುದಿಯನ್ನು ಕಣ್ಣಿಟ್ಟು ನೋಡುತ್ತಿದ್ದ ವರ್ಷದ ಒಂದೇ ದಿನ ಅದು.

ಇನ್ನು ಕಾಂಗ್ರೆಸ್ ಹುಲ್ಲು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಪಾರ್ಥೇನಿಯಂ ಈಗ ನಮ್ಮ ರಸ್ತೆಬದಿ, ಖಾಲಿ ನಿವೇಶನ, ಹೊಲದ ಬದುಗಳನ್ನೆಲ್ಲ ಆಕ್ರಮಿಸಿದೆ. ಇದಕ್ಕೆ ತಾಯಿಬೇರು ಇದೆ, ಗಡ್ಡೆಯಿಲ್ಲ. ಎಲೆ ಆಳವಾಗಿ ಸೀಳಿದ್ದು, ನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಯಾವ ಲಕ್ಷಣದಿಂದಲೂ ಇದು ಹುಲ್ಲಲ್ಲ. ನಾವು ಒಂದು ಹೂವೆಂದುಕೊಳ್ಳುವ ಅಕ್ಕಿಕಾಳಿನ ಗಾತ್ರದ ಬಿಳಿಯ ಚುಕ್ಕೆ ವಾಸ್ತವದಲ್ಲಿ ಹೂಗಳ ಒಂದು ಮಂಡಿ. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನಲ್ಲಿ ಐದು ಪುಟ್ಟ ಹೂಗಳು, ನಡುವೆ ಹಲವಾರು ಕಾಣುತ್ತವೆ. ಬೀಜ ಕಟ್ಟುವುದು ಅಂಚಿನ ಆ ಐದು ಮಾತ್ರ. ನಡುವಿನವು ಪರಾಗ ಕೊಟ್ಟು ಮುಗಿಯುತ್ತವೆ. ಒಂದು ಚುಕ್ಕೆಗೆ ಹೆಚ್ಚೆಂದರೆ ಐದೇ ಬೀಜ ಎಂದು ಹಗುರವಾಗಿ ಕಾಣಬಾರದು, ಚುಕ್ಕೆಗಳೇ ಸಾವಿರಾರು ಇರುವುದರಿಂದ ಚೆನ್ನಾಗಿ ಬೆಳೆದ ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಲೇಖನದ ‘ಬೇರುಸಹಿತ ಕಿತ್ತುಹಾಕಿ’ ಎಂಬ ಮಾತು ಸಲ್ಲುವುದು ಈ ಗಿಡವೊಂದಕ್ಕೇ. ಆದರೆ ಹೂ ಬಿಡುವ ಮೊದಲು, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ತೊಟ್ಟು ಕೀಳಬೇಕು ಎಂಬ ಮೂರು ಮಾತುಗಳು ಲೇಖನದಲ್ಲಿ ಇರಲೇಬೇಕಿತ್ತು. ಇದರ ಸಂಪರ್ಕದಿಂದ ಚರ್ಮದಲ್ಲಿ ತುರಿಕೆ, ಹುಣ್ಣು ಎದ್ದು ನರಳುವವರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ.

ಈ ಗಿಡ ಯಾರ ಬಂಧು ಎಂಬುದಕ್ಕೆ ಎಷ್ಟು ಬೆಲೆಯಿದೆ ಎನ್ನುವುದನ್ನು ನಮ್ಮ ರಾಜ್ಯವೇ ಒಮ್ಮೆ ಕಂಡಿದೆ. ಪಾರ್ಥೇನಿಯಂ ಎಲೆಯನ್ನು ತಿಂದು ಬರಿದುಮಾಡುವ ಜೈಗೊಗ್ರಾಮ ಎಂಬ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕೆಲವು ವರ್ಷಗಳ ತರುವಾಯ, 1990ರ ದಶಕದ ಆರಂಭದಲ್ಲಿ, ಅದೇ ದುಂಬಿ ಸೂರ್ಯಕಾಂತಿಯ ಎಲೆಗೂ ಬಾಯಿಹಾಕಿದ ವರದಿಗಳು ಬಂದು ಎಣ್ಣೆಕಾಳು ಬೆಳೆಗಾರರಲ್ಲಿ ಗಾಬರಿ ಹುಟ್ಟಿತು. ಸೂರ್ಯಕಾಂತಿಯ ಎಲೆಯ ಮೇಲೆ ಉದುರಿದ ಪಾರ್ಥೇನಿಯಂ ಪರಾಗ ದುಂಬಿಯನ್ನು ಅಲ್ಲಿಗೆ ಸೆಳೆದಿತ್ತೆಂಬ ವಿವರಣೆ ಆಮೇಲೆ ಬಂತು. ಗಾಬರಿ ಅತಿಯಾಯಿತೇನೋ, ಆಧಾರರಹಿತವಂತೂ ಆಗಿರಲಿಲ್ಲ. ಎರಡೂ ಒಂದೇ ಕುಟುಂಬದ ಗಿಡಗಳು. ‘ಹುಲ್ಲು’ ಎಂಬ ಹೆಸರನ್ನೇ ನಂಬಿದವನಿಗೆ ದುಂಬಿ ರಾಗಿಯನ್ನು ಬಿಟ್ಟು ಸೂರ್ಯಕಾಂತಿಗೆ ಏಕೆ ಹೋಯಿತೆಂಬುದು ಎಂದಿಗೂ ಅರ್ಥವಾಗದು.

ಇದೇ ಗಿಡದ ಎಳೆಯ ಎಲೆ ಇನ್ನೊಂದು ಎಡವಟ್ಟಿಗೂ ಕಾರಣವಾಗುತ್ತಿದೆ. ಗೌರಿ ಗಣೇಶ ಹಬ್ಬದ ಮುನ್ನಾದಿನ ಪೇಟೆಯಲ್ಲಿ ಪತ್ರೆಯ ಕಟ್ಟು ಕೊಂಡವರು ಬಿಚ್ಚಿ ನೋಡಬೇಕು. ಮಾಚಿಪತ್ರೆಯ ಜೊತೆಯಲ್ಲಿ ಕಾಂಗ್ರೆಸ್ ಹುಲ್ಲಿನ ಎಲೆ ಸೇರಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಮಾರುವವರು ಬೇಕೆಂದೇ ಮಾಡುತ್ತಾರೆಂದು ಹೇಳಲಾರೆ. ಸೀಳಿದ ಎಲೆಯ ಹೊರನೋಟ ಅಷ್ಟು ಹತ್ತಿರವಿದೆ. ಎಲೆಯನ್ನು ಮಗುಚಿದರೆ ತೀರ್ಪು ಸಿಗುತ್ತದೆ. ಮಾಚಿಪತ್ರೆಯ ಅಡಿಭಾಗ ನವಿರಾದ ರೋಮದಿಂದ ಬೆಳ್ಳಗೆ ಕಾಣುತ್ತದೆ, ಹೊಸಕಿದರೆ ಗಮಗುಡುತ್ತದೆ. ಪಾರ್ಥೇನಿಯಂ ಎಲೆಯಲ್ಲಿ ಆ ಬಿಳುಪೂ ಇಲ್ಲ, ಆ ಪರಿಮಳವೂ ಇಲ್ಲ. ಹೊಸಕಿ ನೋಡುವ ಮೊದಲು ಮಗುಚಿ ನೋಡುವುದು ಚರ್ಮಕ್ಕೆ ಕ್ಷೇಮ.

ತಮ್ಮ ಪುರವಣಿಯ ಚಿತ್ರಗಳ ಬಗೆಗೂ ಒಂದು ಮಾತು. ಅದೇ ಪುಟದಲ್ಲಿ ‘ಬ್ರಾಹ್ಮಿ’ ಎಂಬ ಅಡಿಬರಹದೊಡನೆ ದುಂಡನೆಯ ಎಲೆಯ ಒಂದೆಲಗದ ಚಿತ್ರವಿತ್ತು, ಪಕ್ಕದ ಬರಹದಲ್ಲಿ ಮಾತ್ರ ನೀರುಬ್ರಾಹ್ಮಿಯ ವರ್ಣನೆ ಇತ್ತು. ನಮ್ಮಲ್ಲಿ ಎರಡಕ್ಕೂ ಬ್ರಾಹ್ಮಿ ಎನ್ನುವ ರೂಢಿ ಇರುವುದರಿಂದ ಗೊಂದಲ ಸಹಜ. ಕರಾವಳಿಯವರು ತಿಮರೆ ಎಂದು ಚಟ್ನಿ, ತಂಬುಳಿ ಮಾಡುವ ಒಂದೆಲಗ ಕೊತ್ತಂಬರಿಯ ಕುಟುಂಬದ್ದು. ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರೂರುತ್ತದೆ, ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂದೊಂದೇ ಎಲೆಯನ್ನು ಕೊಡೆಯಂತೆ ಹಿಡಿಯುತ್ತದೆ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಚಮಚದ ಆಕಾರದ್ದು, ತೊಟ್ಟಿಲ್ಲದೆ ಜೋಡಿಜೋಡಿಯಾಗಿ ಎದುರುಬದುರು ಕೂರುತ್ತದೆ. ಹೂ ಬಿಳಿ ಅಥವಾ ತಿಳಿ ನೇರಳೆ. ಜೋಡಿ ಎಲೆಯೋ ಒಂಟಿ ಎಲೆಯೋ ಎಂಬ ಒಂದೇ ಪ್ರಶ್ನೆಯಿಂದ ಇತ್ಯರ್ಥವಾಗುವ ವ್ಯಾಜ್ಯವಿದು.

ಎಲ್ಲ ಗಿಡಗಳೂ ಇಷ್ಟು ಸುಲಭವಾಗಿ ತಮ್ಮ ಗುರುತನ್ನು ಬಿಟ್ಟುಕೊಡುವುದಿಲ್ಲ. ಕಾಮಾಲೆಯ ನಾಟಿ ಔಷಧಕ್ಕೆಂದು ಜನ ಹುಡುಕುವ ನೆಲನೆಲ್ಲಿಯನ್ನು ನೋಡಿ. ಹುಣಸೆಯ ಎಲೆಯ ಹಾಗೆ ನಡುವಿನ ದಿಂಡಿನ ಎರಡೂ ಪಕ್ಕ ಚಿಕ್ಕಚಿಕ್ಕ ಎಸಳುಗಳು ಸಾಲಾಗಿ ಕೂತಿರುತ್ತವೆ. ಇದನ್ನು ಸಂಯುಕ್ತ ಎಲೆ, ಅಂದರೆ ಹಲವು ಚೂರುಗಳಾಗಿ ಒಡೆದ ಒಂದೇ ಎಲೆ, ಎಂದು ನನ್ನ ತರಗತಿಯಲ್ಲಿ ಹೇಳದ ವಿದ್ಯಾರ್ಥಿ ಬಹುಶಃ ಇಲ್ಲ. ಹುಣಸೆ, ಕರಿಬೇವು, ನುಗ್ಗೆಗಳದು ನಿಜಕ್ಕೂ ಸಂಯುಕ್ತ ಎಲೆ. ನಾವು ಒಗ್ಗರಣೆಗೆ ಹಾಕುವ ಕರಿಬೇವಿನ ಒಂದು ‘ಎಲೆ’ ವಾಸ್ತವವಾಗಿ ಎಲೆಯ ಒಂದು ಚೂರು. ನೆಲನೆಲ್ಲಿಯಲ್ಲಿ ಹಾಗಲ್ಲ, ಅಲ್ಲಿ ದಿಂಡೆಂದು ತೋರುವುದು ಒಂದು ಸಣ್ಣ ಕೊಂಬೆ, ಒಂದೊಂದು ಎಸಳೂ ಒಂದು ಪೂರ್ಣ ಎಲೆ. ಸಾಕ್ಷಿ ಬೇಕೆಂದರೆ ಕೊಂಬೆಯನ್ನು ತಿರುವಿ ಅಡಿಭಾಗ ನೋಡಬೇಕು. ಎಲೆ ಹೊರಡುವ ಕಂಕುಳಿನಿಂದ ಸಾಸಿವೆ ಗಾತ್ರದ ಕಾಯಿಗಳು ಸಾಲಾಗಿ ನೇತಾಡುತ್ತಿರುತ್ತವೆ. ಮೊಗ್ಗಾಗಲಿ ಹೂವಾಗಲಿ ಹುಟ್ಟುವುದು ಎಲೆಯ ಕಂಕುಳಿನಲ್ಲಿ, ಎಲೆಯ ಚೂರಿನ ಕಂಕುಳಿನಲ್ಲಿ ಎಂದಿಗೂ ಅಲ್ಲ. ಈ ಒಂದು ನಿಯಮ ಕೈಯಲ್ಲಿದ್ದರೆ ಅರ್ಧ ಸಸ್ಯಶಾಸ್ತ್ರ ಕೈಯಲ್ಲಿದ್ದಂತೆ. ನೆಲನೆಲ್ಲಿಯ ಜೊತೆಯಲ್ಲೇ ಬೆಳೆಯುವ, ಕೆಂಪು ಛಾಯೆಯ ಇನ್ನೊಂದು ಪ್ರಭೇದವೂ ಇದೆ. ಅದರ ಕಾಯಿ ಒರಟು, ತೊಟ್ಟಿಲ್ಲದೆ ಕೊಂಬೆಗೆ ಅಂಟಿಕೊಂಡಿರುತ್ತದೆ. ನೆಲನೆಲ್ಲಿಯದು ನುಣುಪು, ಪುಟ್ಟ ತೊಟ್ಟಿನಿಂದ ತೂಗುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ, ಪತ್ರಿಕೆಗಳು ಮುದ್ರಿಸುವುದು ಮೇಲಿನಿಂದ ತೆಗೆದ ಚಿತ್ರವನ್ನೇ.

ನಮ್ಮ ಭಾಷೆಯ ‘ಗಡ್ಡೆ’ ಎಂಬ ಪದವೂ ಹೀಗೆಯೇ ಹಲವು ಅಂಗಗಳನ್ನು ಒಂದೇ ಗೋಣಿಯಲ್ಲಿ ತುಂಬುತ್ತದೆ. ಆಲೂಗಡ್ಡೆ ಕಾಂಡ, ಅದರ ಕಣ್ಣುಗಳೇ ಮೊಗ್ಗುಗಳು. ಶುಂಠಿ, ಅರಿಶಿನ, ಸುವರ್ಣಗಡ್ಡೆಗಳೂ ಕಾಂಡವೇ. ಈರುಳ್ಳಿಯಲ್ಲಿ ನಾವು ಹೆಚ್ಚುವುದು ಎಲೆಗಳ ಬುಡವನ್ನು. ಗೆಣಸು ಮಾತ್ರ ಬೇರು. ಹಾಸನದ ರೈತರಿಗೆ ಈ ಪಾರಿಭಾಷಿಕ ಪದಗಳು ಬೇಕಿಲ್ಲ. ಆಲೂಗಡ್ಡೆಯನ್ನು ಕಣ್ಣು ನೋಡಿ ಕೊಯ್ದು ಬಿತ್ತುತ್ತಾರೆ, ಗೆಣಸಿಗೆ ಬಳ್ಳಿ ತುಂಡು ನೆಡುತ್ತಾರೆ. ಈ ವಿವೇಕ ಇಲ್ಲದಿರುವುದು ನನ್ನಂಥ ಓದಿದವರಲ್ಲಿ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಗಿಡದ ಪರಿಚಯ ಮುದ್ರಿಸುವಾಗ ಅಂದವಾದ ಹೂವಿನ ಚಿತ್ರದ ಪಕ್ಕದಲ್ಲಿ ಎಲೆ ಕಾಂಡಕ್ಕೆ ಸೇರುವ ಗೆಣ್ಣಿನ ಚಿತ್ರವನ್ನೂ ಎಲೆಯ ಅಡಿಭಾಗದ ಚಿತ್ರವನ್ನೂ ಚಿಕ್ಕದಾಗಿಯಾದರೂ ಹಾಕಿರಿ. ಮೊಬೈಲ್ ಆ್ಯಪ್‌ಗಳಲ್ಲಿ ಗಿಡ ಗುರುತಿಸುವ ಓದುಗರಿಗೂ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎಲೆಯ ಮೇಲ್ಮೈ ಒಂದನ್ನೇ ತೋರಿಸಿದರೆ ಆ್ಯಪ್ ಕೂಡ ಊಹೆಯನ್ನೇ ಹೇಳುತ್ತದೆ. ಊರೂರಿಗೆ ಬದಲಾಗುವ ಹೆಸರುಗಳ ಜೊತೆಗೆ ವೈಜ್ಞಾನಿಕ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಡಿ. ಒಬ್ಬರ ಜೇಕು ಇನ್ನೊಬ್ಬರಿಗೆ ತುಂಗೆಗಡ್ಡೆ, ಮತ್ತೊಬ್ಬರಿಗೆ ಕೊನ್ನಾರಿಗಡ್ಡೆ, ಪಂಡಿತರಿಗೆ ಭದ್ರಮುಷ್ಟಿ. ಸೈಪೆರಸ್ ರೊಟಂಡಸ್ ಎಂದರೆ ನಾಲ್ವರಿಗೂ ಅದೊಂದೇ ಗಿಡ. ಕಳೆನಾಶಕದ ಸಲಹೆ ಕೊಡುವಾಗಂತೂ ಈ ಎಚ್ಚರ ತಪ್ಪಲೇಬಾರದು. ಅಗಲ ಎಲೆಯ ಕಳೆಗೆಂದು ತಯಾರಾದ 2,4-ಡಿಯಂಥ ರಾಸಾಯನಿಕವನ್ನು ಗರಿಕೆಗೆ ಸಿಂಪಡಿಸಿದರೆ ಗರಿಕೆ ಉಳಿಯುತ್ತದೆ, ಪಕ್ಕದ ಪಾತಿಯ ಟೊಮೆಟೊ ಮುರುಟಿಕೊಳ್ಳುತ್ತದೆ.

ಲೇಖನಕ್ಕೆ ತಿದ್ದುಪಡಿ ಪ್ರಕಟಿಸುವ ಮನಸ್ಸು ತಮಗಿದ್ದರೆ ಕಾಂಗ್ರೆಸ್ ಹುಲ್ಲಿನ ಭಾಗವಾದರೂ ಗಣೇಶನ ಹಬ್ಬಕ್ಕೆ ಮೊದಲೇ ಅಚ್ಚಾಗಲಿ. ಜೇಕಿನ ವಿಷಯ ಮಾಗಿ ಉಳುಮೆಯ ಹೊತ್ತಿಗೆ ಬಂದರೂ ನಡೆಯುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವವಿಜ್ಞಾನ ಶಿಕ್ಷಕ, ಹಾಸನ