ಮಳೆಗಾಲದಲ್ಲೇ ಬಾ

ಸೋಮವಾರಪೇಟೆ
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಪ್ರಾಜೆಕ್ಟ್ ನಕ್ಷೆಯನ್ನು ಎರಡು ಸಲ ನೋಡಿದೆ. ತೋಟದಲ್ಲಿ ಅಳತೆ ಮಾಡಿ ರೇಡಿಯೋದಲ್ಲಿ ಕಳಿಸುವ 30 ಡಬ್ಬಿಗಳು, ಅಂದರೆ ನಿನ್ನ ಮಾತಿನಲ್ಲಿ ನೋಡ್‌ಗಳು, ಅವು ಕಳಿಸಿದ್ದನ್ನೆಲ್ಲ ಒಟ್ಟುಗೂಡಿಸುವ ಗೇಟ್‌ವೇ, ಮೊಬೈಲಿನಲ್ಲಿ ಬಣ್ಣಬಣ್ಣದ ಗ್ರಾಫ್, ಎಲ್ಲವೂ ಒಂದೇ ಸೆಮಿಸ್ಟರಿನಲ್ಲಿ! ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಗೊಬ್ಬರ, ಕೊಯ್ಲು ಮೂರನ್ನೂ ಒಂದೇ ವಾರದಲ್ಲಿ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ನಾಲ್ಕು ಡಬ್ಬಿ ಸಾಕು. ನವೆಂಬರಿನಲ್ಲಿ ಬಂದು ನೆಡುತ್ತೇನೆ ಎಂದಿದ್ದೀಯಲ್ಲ, ಅದೂ ಬೇಡ. ಈಗಲೇ, ಮಳೆಯಲ್ಲೇ ಬಾ.

ಕಾಲೇಜಿನ ತಾರಸಿಯಲ್ಲಿ ನೂರು ಮೀಟರಿಗೆ ಮಾಹಿತಿಯ ಪ್ಯಾಕೆಟ್ ತಲುಪಿತೆಂದು ಹಿಗ್ಗಿದ್ದೀಯೆ. ತಾರಸಿಯಲ್ಲಿ ಎಲೆಗಳಿಲ್ಲ. ನಿನ್ನ ರೇಡಿಯೋ 2.4 ಗಿಗಾಹರ್ಟ್ಸ್‌ನದು, ನೀರು ಕುಡಿದ ಎಲೆ ಆ ತರಂಗವನ್ನು ನುಂಗಿಬಿಡುತ್ತದೆ. ಇಲ್ಲಿ ಸಿಲ್ವರ್ ಓಕ್ ಮರದ ತುಂಬ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ, ಜುಲೈ ತಿಂಗಳಿಡೀ ಯಾವುದೂ ಒಣಗುವುದಿಲ್ಲ. ನಮ್ಮ ದೇಶದಲ್ಲಿ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಯ ರೇಡಿಯೋ ಒಂದು ಜೊತೆ ಸಿಕ್ಕಿದರೆ ತಾ. ಅದು ನಿಧಾನ, ಆದರೆ ಎಲೆಗಳ ನಡುವೆ ದೂರ ಹೋಗುತ್ತದೆ. ಎರಡನ್ನೂ ಒಂದೇ ಬಳ್ಳಿಯ ಬುಡದಲ್ಲಿಟ್ಟು ಹೋಲಿಸಿದರೆ ಅದೇ ಒಂದು ಪ್ರಾಜೆಕ್ಟ್.

2005ರಲ್ಲಿ ನೆದರ್‌ಲ್ಯಾಂಡಿನ ಸಂಶೋಧಕರು ಆಲೂಗಡ್ಡೆ ಹೊಲದಲ್ಲಿ ನೂರಕ್ಕೂ ಹೆಚ್ಚು ನೋಡ್‌ಗಳನ್ನು ನೆಟ್ಟರು. ಅಂಗಮಾರಿ ರೋಗ ಬರುವ ಮುನ್ನ ಗಾಳಿಯ ತೇವ ತಿಳಿಯಲಿ ಎಂಬುದು ಉದ್ದೇಶ. ಅಂಗಮಾರಿ ತರುವ ಫೈಟಾಫ್ತೊರಾ ಎಂಬ ರೋಗಾಣು, ನಮ್ಮ ಮೆಣಸಿನ ಸೊರಗು ರೋಗದ ರೋಗಾಣುವಿಗೆ ದಾಯಾದಿ. ಆ ಸಂಶೋಧಕರ ಕೈಸೇರಿದ್ದು ಬರಬೇಕಿದ್ದ ಮಾಹಿತಿಯ ಸುಮಾರು 2 ಪ್ರತಿಶತ ಮಾತ್ರ. ಅವರು ಮುಚ್ಚಿಡಲಿಲ್ಲ, ಎಡವಿದ್ದನ್ನು ಒಂದೊಂದಾಗಿ ಬರೆದು ಪ್ರಕಟಿಸಿದರು. ಆ ವಿಷಯ ಓದುವವರಿಗೆ ಇಂದಿಗೂ ಅದು ಪಾಠ.

ಬ್ಯಾಟರಿಯ ಲೆಕ್ಕವನ್ನು ನೀನೇ ಕಾಗದದ ಮೇಲೆ ಮಾಡು. ಎರಡು ಎಎ ಸೆಲ್ಲು ಸರಣಿಯಲ್ಲಿ ಸುಮಾರು 2500 ಮಿಲಿಆಂಪಿಯರ್-ಗಂಟೆ. ರೇಡಿಯೋ ಸುಮ್ಮನೆ ಕಿವಿ ತೆರೆದು ಕೂತರೂ 20 ಮಿಲಿಆಂಪಿಯರ್ ಹೀರುತ್ತದೆ. ಐದೇ ದಿನಕ್ಕೆ ತೀರಿತು! ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿಟ್ಟರೆ ಲೆಕ್ಕದಲ್ಲಿ ವರ್ಷ ದಾಟುತ್ತದೆ. ಲೆಕ್ಕದಲ್ಲಿ ಎಂದೆ, ತೋಟದಲ್ಲಿ ಎಂದಲ್ಲ.

ಮೂರು ವರ್ಷದ ಹಿಂದೆ ಒಬ್ಬರು ನನಗೂ ಮಣ್ಣಿನ ತೇವ ಅಳೆಯುವ ಡಬ್ಬಿ ಕೊಟ್ಟಿದ್ದರು. ನೀರು ಒಳಗೆ ಹೋಗುವುದೇ ಇಲ್ಲ ಎಂದು ಭರವಸೆ ಬೇರೆ. ಆಗಸ್ಟಿನಲ್ಲಿ ಸಂದೇಶ ನಿಂತಿತು. ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಲೋಟ ನೀರೂ ಇರಲಿಲ್ಲ. ಸೆಲ್ಲುಗಳ ನಡುವೆ ಕಪ್ಪಿರುವೆಗಳು ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳನ್ನು ರಾಶಿ ಹಾಕಿದ್ದವು. ವೈರು ಒಳಹೋಗುವ ತೂತಿನಲ್ಲಿ ಬೆರಳಗಲ ಸಂದು, ತಾಮ್ರದ ತುದಿಗೆ ಹಸಿರು ಕಿಲುಬು. ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷ ಜಂಕ್ಷನ್ ಬಾಕ್ಸ್ ಬಿಚ್ಚಿದ ನಾನು ಆ ತೂತನ್ನು ಮೊದಲೇ ನೋಡಬೇಕಿತ್ತು. ನಾಚಿಕೆಯಾಯಿತು. ನಿನ್ನ ಡಬ್ಬಿಯ ವೈರು ಕೆಳಗಿನಿಂದ ಬರಲಿ, ಸುತ್ತ ಸಂದು ಮುಚ್ಚುವ ಕೇಬಲ್ ಗ್ಲ್ಯಾಂಡ್ ಬಿಗಿದಿರಲಿ.

ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಕೊಡು, ಒಂದು ಪ್ರತಿಯನ್ನು ನೋಡ್‌ನ ಫ್ಲ್ಯಾಶ್ ಮೆಮೊರಿಯಲ್ಲೂ ಉಳಿಸು. 41ರ ನಂತರ 45 ಬಂದರೆ ನಡುವಿನ ಮೂರು ಕಾಣೆಯಾದವೆಂದು ಆಗ ತಿಳಿಯುತ್ತದೆ, ಡಬ್ಬಿ ತೆರೆದಾಗ ಅವು ಏನಾಗಿದ್ದವೆಂದೂ ತಿಳಿಯುತ್ತದೆ. ಗ್ರಾಫಿನಲ್ಲಿ ಆ ಸಂದಿಗೆ ಗೆರೆ ಎಳೆದು ಮುಚ್ಚಬೇಡ. ನಿನ್ನ ಗೆಳತಿ ಮುಚ್ಚಿದ್ದಾಳಂತೆ, ಅವಳ ಅಂಕ ಅವಳಿಗಿರಲಿ.

ಒಂದು ನೋಡ್‌ಗೆ, ಒಳಗಿನ ಪುಟ್ಟ ಬಟ್ಟಲು ತುಂಬಿದಾಗ ತಾನೇ ಮಗುಚಿಕೊಳ್ಳುವ ಬಗೆಯ ಮಳೆಮಾಪಕ ಜೋಡಿಸಿ ತಾ. ಅದನ್ನು ನನ್ನ ಹಳೆಯ ಮಳೆಮಾಪಕದ ಪಕ್ಕದಲ್ಲೇ ನಿಲ್ಲಿಸೋಣ. ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ, ನಿನ್ನದು ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಿನ್ನೆ 3 ಇಂಚು 40 ಸೆಂಟು (ಇಂಚಿನ ನೂರನೇ ಪಾಲೇ ಸೆಂಟು).

ಗಂಬೂಟು ಇಲ್ಲಿದೆ, ಜಿಗಣೆಗೆ ಉಪ್ಪೂ ಇದೆ. ನೀನು ಸ್ಕ್ರೂಡ್ರೈವರ್ ಮಾತ್ರ ತಾ, ನನ್ನದನ್ನು ನಿನ್ನ ತಮ್ಮ ಕಳೆದಿದ್ದಾನೆ.

ಇತಿ,
ದೊಡ್ಡಪ್ಪ