ಮಹಾಪ್ರಾಣ ತಿದ್ದಿಸಿದವರಿಗೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಯೂಟಾ ರಾಜ್ಯದ ಪ್ರೋವೋದಲ್ಲಿ ನಮ್ಮ ಲ್ಯಾಟರ್-ಡೇ ಸೇಂಟ್ಸ್ ಕ್ರೈಸ್ತ ಸಭೆ ನಡೆಸುವ ಮಿಷನರಿ ತರಬೇತಿ ಕೇಂದ್ರದಲ್ಲಿ ಇವತ್ತು ನನ್ನ ಕೊನೆಯ ಬಿಡುವಿನ ದಿನ. ಬಟ್ಟೆ ಒಗೆಯಲು ಹಾಕಿ, ಬೆಟ್ಟ ಕಾಣುವ ಕಿಟಕಿ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳಿದ್ದು ನಸುಕಿಗೆ ಮಿನೆಸೋಟದ ಸೇಂಟ್ ಪಾಲ್ ಕಡೆ ಹೊರಡುತ್ತೇವೆ. ಇನ್ನು 16 ತಿಂಗಳು ಅಲ್ಲಿಯ ಮೋಂಗ್ ಕುಟುಂಬಗಳ ನಡುವೆ ನನ್ನ ಸೇವೆ. ಹೊರಡುವ ಮುಂಚೆ ನಿಮಗೆಲ್ಲ ಹೇಳಬೇಕಾದದ್ದೊಂದು ಬಹಳ ದಿನದಿಂದ ಗಂಟಲಲ್ಲೇ ಉಳಿದಿದೆ.

‘ಮೋಂಗ್ ಅಂದರೆ ಯಾವ ದೇಶದ ಭಾಷೆ?’ ಅಂತ ಕನ್ನಡ ಕೂಟದ ಎಷ್ಟೋ ಜನ ಕೇಳಿದ್ದಿರಿ. ಅವರಿಗೆ ತಮ್ಮದೇ ಅನ್ನುವ ದೇಶವಿಲ್ಲ. ದಕ್ಷಿಣ ಚೀನಾದ ಗುಡ್ಡಗಾಡಿನಿಂದ ವಿಯೆಟ್ನಾಂ, ಲಾವೋಸ್, ಥಾಯ್ಲೆಂಡಿನ ಬೆಟ್ಟಗಳಿಗೆ ಹಬ್ಬಿದ ಜನ. ಲಾವೋಸಿನ ಯುದ್ಧದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮೋಂಗ್ ಗಂಡಸರನ್ನು, ಮೀಸೆ ಮೂಡದ ಹುಡುಗರನ್ನೂ ತನ್ನ ಪರವಾಗಿ ಕಾದಾಡಲು ಇಳಿಸಿತು. 1975ರ ಮೇ ತಿಂಗಳಲ್ಲಿ ಎಲ್ಲ ಮುಗಿದಾಗ ಲಾಂಗ್ ಚೆಂಗ್ ನೆಲೆಯಿಂದ ವಿಮಾನ ಹತ್ತಿಸಿಕೊಂಡದ್ದು ಕೆಲವರನ್ನು ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿ ಕಾಡು ಹಾದು, ಮೆಕಾಂಗ್ ನದಿ ದಾಟಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಇವತ್ತು ಅಮೆರಿಕದಲ್ಲಿ 3 ಲಕ್ಷಕ್ಕೂ ಹೆಚ್ಚು ಮೋಂಗ್ ಜನರಿದ್ದಾರೆ. ಇಷ್ಟನ್ನೂ ತಿಳಿಯದೆ ಅವರ ಮನೆ ಬಾಗಿಲು ತಟ್ಟುವುದು ತಪ್ಪು ಅಂತ ನನಗೆ ಇಲ್ಲಿ ಬಂದಮೇಲೆ ಅನ್ನಿಸಿತು.

ಮೊದಲ ದಿನ ಹೆಸರು ಬರೆದ ಕಪ್ಪು ಬಿಲ್ಲೆ ಕೊಟ್ಟರು, ಹೊತ್ತಿಗೆಗಳನ್ನು ಕೊಟ್ಟರು, ಜೊತೆಗಾತಿಯ ಪರಿಚಯ ಮಾಡಿಸಿದರು. ಐಡಾಹೋದ ಆಲೂಗಡ್ಡೆ ಬೆಳೆಯುವ ಊರಿನ ಹುಡುಗಿ. ಇಲ್ಲಿ ಯಾರೂ ಒಬ್ಬರೇ ಓಡಾಡುವಂತಿಲ್ಲ. ಬೆಳಗ್ಗೆ ಆರೂವರೆಗೆ ಎದ್ದಾಗಿನಿಂದ ರಾತ್ರಿ ಹತ್ತೂವರೆಗೆ ದೀಪ ಆರುವತನಕ ಇಬ್ಬರೂ ಜೊತೆ. ತರಗತಿಗೆ ಬಂದ ಶಿಕ್ಷಕರು ಒಂದೇ ಒಂದು ಇಂಗ್ಲಿಷ್ ಪದ ಆಡಲಿಲ್ಲ. ಮೂರನೆಯ ದಿನ ಮೋಂಗ್ ಭಾಷೆಯಲ್ಲೇ ಒಬ್ಬರ ಮುಂದೆ ಕೂತು ದೇವರ ಬಗ್ಗೆ ಮಾತಾಡಬೇಕಿತ್ತು. ನನ್ನ ಬಾಯಲ್ಲಿ ಆಗ ಇದ್ದದ್ದು ‘ಞೋ ಝೊಂಗ್’ ಅನ್ನುವ ನಮಸ್ಕಾರ, ‘ಉಅ ಚಾಉ’ ಅನ್ನುವ ಧನ್ಯವಾದ, ಹಾಳೆಯಲ್ಲಿ ಬರೆದುಕೊಂಡ ನಾಲ್ಕು ಸಾಲು.

ಆದರೂ ಮೊದಲ ವಾರದಲ್ಲೇ ನಮ್ಮ ಶಿಕ್ಷಕರು ನನ್ನನ್ನು ತಡೆದು ನಿಲ್ಲಿಸಿ, ‘ಇದನ್ನು ಎಲ್ಲಿ ಕಲಿತೆ?’ ಅಂತ ಕೇಳಿದರು. ಮೋಂಗ್ ಭಾಷೆಯಲ್ಲಿ ‘ತಾಉ’ ಅಂದರೆ ಸಿಗು, ‘ಟಾಉ’ ಅಂದರೆ ಆರು. ‘ಪಾ’ ಅಂದರೆ ಹೂವು, ‘ಫಾ’ ಅಂದರೆ ಊಟದ ತಟ್ಟೆ. ಈ ಫ ಫಲದ ಫ, ಇಂಗ್ಲಿಷಿನ ಎಫ್ ಅಲ್ಲ. ಸ ಬೇರೆ, ಷ ಬೇರೆ. ನನ್ನ ಜೊತೆಗಾತಿ ಕನ್ನಡಿ ಮುಂದೆ ನಿಂತು ನಾಲಿಗೆಯನ್ನು ಎಲ್ಲಿಡಬೇಕೆಂದು ಹುಡುಕುತ್ತಿದ್ದಾಗ ನನ್ನ ನಾಲಿಗೆ ತಾನಾಗಿ ಹೋಗಿ ಅಲ್ಲಿ ಕೂತಿರುತ್ತಿತ್ತು. ಟ ಠ ಡ ಢ ಣ, ತ ಥ ದ ಧ ನ.

ಶನಿವಾರದ ಕನ್ನಡ ಶಾಲೆಯ ಆಂಟಿ, ಇದು ನಿಮಗೆ. ನಿಮ್ಮ ಗ್ಯಾರೇಜಿನಲ್ಲಿ ಹಾಕಿದ ಮಡಚುವ ಕುರ್ಚಿಗಳ ಮೇಲೆ ನಾವು ಎಂಟು ಮಕ್ಕಳು. ಬೆರಳನ್ನು ತುಟಿಯ ಮುಂದೆ ಹಿಡಿಯಲು ಹೇಳಿ, ‘ಪ ಅಂದಾಗ ಗಾಳಿ ಬಡಿಯಬಾರದು, ಫ ಅಂದಾಗ ಬಡಿಯಬೇಕು’ ಅಂತ ಒಬ್ಬೊಬ್ಬರನ್ನೂ ತಿದ್ದುತ್ತಿದ್ದಿರಿ. ‘ಇದೆಲ್ಲ ಯಾವಾಗ ಉಪಯೋಗಕ್ಕೆ ಬರುತ್ತೆ ಆಂಟಿ’ ಅಂತ ನಾನು ಒಂದು ದಿನ ಅತ್ತಿದ್ದೆ. ನೀವು ಬೈಯಲಿಲ್ಲ. ಒಂದು ಚಕ್ಕುಲಿ ಕೊಟ್ಟು, ಮತ್ತೆ ಹೇಳು ಅಂದಿರಿ. ಅದೇ ಬೆರಳಿನ ಪಾಠವನ್ನು ನಾನು ಇಲ್ಲಿ ಐಡಾಹೋದ ಹುಡುಗಿಗೆ ಹೇಳಿಕೊಟ್ಟೆ. ಈಗ ಅವಳು ತಟ್ಟೆಯನ್ನು ತಟ್ಟೆ ಅಂತಲೇ, ಹೂವನ್ನು ಹೂವು ಅಂತಲೇ ಹೇಳುತ್ತಾಳೆ. ನಿಮ್ಮ ಶಿಷ್ಯೆಯರ ಪಟ್ಟಿಗೆ ಅವಳನ್ನೂ ಸೇರಿಸಿಕೊಳ್ಳಿ.

ಕಿಟ್ಟೆಲ್ ಕಥೆ ಹೇಳಿದ್ದೂ ನೀವೇ. 1853ರಲ್ಲಿ ಜರ್ಮನಿಯಿಂದ ಬಂದಾಗ ಅವರಿಗೆ 21 ವರ್ಷ. ಬಂದದ್ದು ಮಿಷನರಿಯಾಗಿ. ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಲವತ್ತು ವರ್ಷ ಅವರು ಕನ್ನಡದವರ ಮಾತಿಗೆ ಕಿವಿಗೊಟ್ಟೇ ಇದ್ದರು ಅಂದಿದ್ದಿರಿ. ಮೋಂಗ್ ಭಾಷೆಗೆ ನಾವು ಇಲ್ಲಿ ಬಳಸುವ ರೋಮನ್ ಬರವಣಿಗೆಯನ್ನು 1951ರಿಂದ 1953ರ ನಡುವೆ ಲಾವೋಸಿನಲ್ಲಿ ರೂಪಿಸಿದವರಲ್ಲೂ ಮಿಷನರಿಗಳಿದ್ದರು: ಬಾರ್ನಿ, ಸ್ಮಾಲಿ, ಫ್ರಾನ್ಸಿನ ಪಾದ್ರಿ ಬರ್ಟ್ರೇ. 1959ರಲ್ಲಿ ಶಾಂಗ್ ಲೂ ಯಾಂಗ್ ಅನ್ನುವ ಮೋಂಗ್ ರೈತರು ತಮ್ಮ ಜನರಿಗಾಗಿ ಬೇರೆಯದೇ ಲಿಪಿಯನ್ನು ಕೊಟ್ಟರು. ಅದಕ್ಕೆ ಮುಂಚೆ ಸ್ವತಃ ಯಾಂಗ್ ಅವರಿಗೇ ಓದುಬರಹ ಗೊತ್ತಿರಲಿಲ್ಲ. ನಾನು ಅವರನ್ನು ಬಹಳ ಸಲ ನೆನೆಯುತ್ತೇನೆ.

ವ್ಯಂಜನ ದಾಟಿದೆ. ದನಿಯ ಏರಿಳಿತದಲ್ಲಿ ಮುಳುಗಿದೆ. ಪದದ ಕೊನೆಯಲ್ಲಿ ಬಿ, ಜೆ, ವಿ, ಎಸ್, ಎಂ, ಜಿ ಅಂತ ಒಂದು ಅಕ್ಷರ ಬರೆದಿರುತ್ತದೆ. ಅದನ್ನು ಉಚ್ಚರಿಸುವುದಿಲ್ಲ, ದನಿ ಎತ್ತರಿಸಬೇಕೋ ಇಳಿಸಬೇಕೋ ಎಂದು ಹೇಳಲು ಅದು ಅಲ್ಲಿದೆ. ‘ಪೊ’ ಅನ್ನುವ ಒಂದೇ ಸದ್ದು ದನಿ ಬದಲಾದಂತೆ ಚೆಂಡು, ಎಸೆ, ನೋಡು, ಮುಳ್ಳು ಅಂತ ಅರ್ಥ ಕೊಡುತ್ತದೆ. ಅಪ್ಪನ ಅಮ್ಮ, ಅಂದರೆ ಅಜ್ಜಿ, ಅಂತಲೂ ಅದೇ ಸದ್ದು. ಮುಳ್ಳಿಗೆ ದನಿ ತಗ್ಗಿಸಬೇಕು, ಅಜ್ಜಿಗೆ ದನಿಯ ಜೊತೆ ಉಸಿರೂ ಹೊರಬರಬೇಕು. ಮೂರನೆಯ ವಾರ, ನನ್ನ ಕುಟುಂಬದ ಬಗ್ಗೆ ಹೇಳುವ ಪಾಠದಲ್ಲಿ, ನಾನು ಹತ್ತಾರು ಸಲ ಪ್ರಯತ್ನಿಸಿದರೂ ಅಜ್ಜಿಯನ್ನು ಮುಳ್ಳು ಅಂತಲೇ ಕರೆದೆ. ಆ ಸಂಜೆ ಕೋಣೆಗೆ ಬಂದು ಮಂಡಿಯೂರಿದಾಗ ಪ್ರಾರ್ಥನೆಯೂ ಬರಲಿಲ್ಲ. ಮನೆಗೆ ಹೋಗುತ್ತೇನೆ ಅಂತ ಜೊತೆಗಾತಿಗೆ ಹೇಳಿಬಿಟ್ಟೆ. ಅವಳು ಏನೂ ಬುದ್ಧಿ ಹೇಳಲಿಲ್ಲ, ಪಕ್ಕದಲ್ಲಿ ಕೂತು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಅವಳಿಗೆ ನಾನು ಹೇಗೆ ಧನ್ಯವಾದ ಹೇಳಲಿ?

ಎರಡು ದಿನ ಬಿಟ್ಟು ವಾರದ ಕರೆ. ಅಪ್ಪ ಅಮ್ಮನ ಜೊತೆ ಮಾತಾದ ಮೇಲೆ ಶಿರಾದಲ್ಲಿರುವ ಅಜ್ಜಿಗೆ ವಿಡಿಯೋ ಹಾಕಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 1993ರಲ್ಲಿ ಬೆಂಗಳೂರಿನಲ್ಲಿ ನಮ್ಮ ಸಭೆಯ ಮಿಷನ್ ಶುರುವಾದ ಕೆಲವು ವರ್ಷಕ್ಕೆ, ಕಾಲೇಜಿನಲ್ಲಿದ್ದ ಅಪ್ಪ ಈ ದಾರಿ ಹಿಡಿದರು. ಅಜ್ಜಿಗೆ ಆಗ ಎಷ್ಟು ನೋವಾಗಿತ್ತು ಅಂತ ನನಗೆ ಗೊತ್ತು. ಅವರ ದೇವರ ಮನೆಯಲ್ಲಿ ರಂಗನಾಥಸ್ವಾಮಿ ಇದ್ದಾನೆ, ಇವತ್ತಿಗೂ ದೀಪ ಹಚ್ಚದೆ ಅವರು ಕಾಫಿ ಕುಡಿಯುವುದಿಲ್ಲ. ನಾನು ಮಿಷನ್ನಿಗೆ ಹೊರಟಾಗ ಅವರು ಕೇಳಿದ್ದು ಇಷ್ಟೇ: ‘ಹೋದ್ ಕಡೆ ಯಾರ್ನೂ ನೋಯಿಸ್ಬೇಡ ಕಣೆ. ಅವ್ರ ಮನೆ ದೇವ್ರನ್ನ ಹಗುರಾಗಿ ಆಡ್ಬೇಡ.’ ಈ ಮಾತನ್ನು ನನ್ನ ಹೊತ್ತಿಗೆಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಆ ದಿನ ಅಜ್ಜಿ ಫೋನನ್ನು ಗೋಡೆಗೆ ಒರಗಿಸಿ, ಜಗಲಿ ಮೇಲೆ ಕೂರುತ್ತಾ ‘ಹಾ... ಅಪ್ಪಾ ರಂಗನಾಥ’ ಅಂದರು. ಮಂಡಿನೋವಿನವರು ಕೂರುವಾಗ ಬರುವ ಆ ನಿಟ್ಟುಸಿರು, ಸುಸ್ತಾದ ತಗ್ಗಿದ ದನಿ. ನಾನು ಮಾತು ಮರೆತು ಕೂತೆ. ಶಿಕ್ಷಕರು ಕೈಯಾಡಿಸಿ ಕಲಿಸಲು ಹೆಣಗಿದ ದನಿ ಅದೇ.

‘ಅಜ್ಜಿ, ಇನ್ನೊಂದ್ ಸಲ ಕೂತ್ಕೊಳ್ಳಿ’ ಅಂದೆ.

‘ಯಾಕೆ ಪುಟ್ಟಿ?’ ಅಂದರು. ಆದರೂ ಎದ್ದು ಕೂತರು. ಮೂರು ಸಲ. ಆ ಮಂಡಿಗಳಲ್ಲಿ.

ಮರುದಿನ ಆ ಉಸಿರನ್ನೇ ಬಾಯಲ್ಲಿಟ್ಟುಕೊಂಡು ಹೇಳಿದೆ. ಶಿಕ್ಷಕರು ತಲೆಯಾಡಿಸಿ ಮುಂದಿನ ಪದಕ್ಕೆ ಹೋದರು.

ಏಳನೆಯ ವಾರ ಕ್ಯಾಲಿಫೋರ್ನಿಯಾದಿಂದ ಒಬ್ಬ ಮೋಂಗ್ ಅಜ್ಜಿ ವಿಡಿಯೋದಲ್ಲಿ ನಮ್ಮೊಂದಿಗೆ ಮಾತಾಡಲು ಒಪ್ಪಿದರು. ಅವರು ಮೊದಲು ಕೇಳಿದ್ದು, ಊಟ ಆಯ್ತಾ ಅಂತ. ‘ನೊ ಮೊ’, ಅಂದರೆ ಅನ್ನ ಉಣ್ಣುವುದು. ಜಗತ್ತಿನಲ್ಲಿ ನಮ್ಮ ಹಾಗೇ ಮಾತು ಶುರುಮಾಡುವ ಇನ್ನೊಬ್ಬರು! ಅವರು ಒಂಬತ್ತು ವರ್ಷದವರಿದ್ದಾಗ ಬಿದಿರಿನ ಕಂತೆಯನ್ನು ಕಂಕುಳಿಗೆ ಕಟ್ಟಿಕೊಂಡು ಮೆಕಾಂಗ್ ದಾಟಿದವರು. ಮಧ್ಯದಲ್ಲಿ ‘ತು ಷಿಯ’ ಅಂದರು. ಷಿಯ ಅಂದರೆ ಪಿತ್ತಜನಕಾಂಗ, ತು ಅಂದರೆ ಕಡಿದುಹೋಗುವುದು. ದುಃಖಕ್ಕೆ ಅವರು ಹೇಳುವುದು ಹಾಗೆ. ಸಂತೋಷವಾದರೆ ಅದೇ ಷಿಯ ಒಳ್ಳೆಯದಾಗಿದೆ ಅನ್ನುತ್ತಾರೆ. ಜೊತೆಗಾತಿ ಅದನ್ನು ‘ಹೃದಯ’ ಅಂತ ಬರೆದುಕೊಂಡಳು. ನನಗೆ ನೇರವಾಗಿ ‘ಕರುಳು’ ಅಂತಲೇ ಕೇಳಿಸಿತು. ಕರುಳು ಕಿತ್ತು ಬಂದ ಹಾಗಾಯಿತು ಅಂತ ನನ್ನ ಅಜ್ಜಿ ಹೇಳುವುದಿಲ್ಲವೇ.

ಅಪ್ಪನ ಅಣ್ಣನಿಗೆ ಅವರಲ್ಲೂ ‘ದೊಡ್ಡ ಅಪ್ಪ’ ಅಂತಲೇ ಹೆಸರು. ಅದನ್ನು ಹೇಳಿದಾಗ ನಾನು ನಮ್ಮ ಮನೆಯ ಸಂಬಂಧಗಳನ್ನೆಲ್ಲ ನನ್ನ ಹರಕು ಮೋಂಗ್ ಮಾತಿನಲ್ಲಿ ಒಪ್ಪಿಸಿದೆ. ಕೊನೆಗೆ ಅಜ್ಜಿಯ ಬಗ್ಗೆ ಹೇಳಿದೆ. ಆ ಪದ ಸರಿಯಾಗಿ ಬಂತು. ಅವರು ಪರದೆಯ ಹತ್ತಿರಕ್ಕೆ ಬಗ್ಗಿ, ‘ನಿನ್ನ ಅಜ್ಜಿ ಇನ್ನೂ ಇದ್ದಾರಾ? ಚೆನ್ನಾಗಿದ್ದಾರಾ?’ ಅಂತ ಕೇಳಿದರು. ಒಂದು ಪದವೂ ತಪ್ಪದೆ ನನಗೆ ಅರ್ಥವಾದ ಮೊದಲ ಮೋಂಗ್ ಮಾತು ಅದು.

ಕರಿಬೇವಿನ ಚಟ್ನಿಪುಡಿ ಕಳಿಸಿದ ಅತ್ತೆಗೆ, ಪ್ರತಿ ವಾರ ಪತ್ರ ಬರೆದ ಕೂಟದ ಗೆಳತಿಯರಿಗೆ, ‘ಬರಬೇಕು ಅನ್ನಿಸಿದರೆ ಬಾ, ಬಾಗಿಲು ತೆಗೆದೇ ಇರುತ್ತೆ’ ಅಂದ ಅಮ್ಮನಿಗೆ, ಆ ಮಾತಿಗೆ ಪಕ್ಕದಲ್ಲಿ ಸುಮ್ಮನೆ ಹೂಂಗುಟ್ಟಿದ ಅಪ್ಪನಿಗೆ, ನನ್ನ ಕೃತಜ್ಞತೆ. ನಮ್ಮ ನಂಬಿಕೆ ಒಂದೇ ಅಲ್ಲದಿದ್ದರೂ ನನಗಾಗಿ ತಮ್ಮ ತಮ್ಮ ದೇವರ ಮುಂದೆ ಕೈ ಮುಗಿದವರೆಲ್ಲರಿಗೂ. ನಿಮ್ಮ ಆ ಪ್ರಾರ್ಥನೆಗಳನ್ನು ನಾನು ಎರಡೂ ಕೈ ಚಾಚಿ ತೆಗೆದುಕೊಂಡಿದ್ದೇನೆ.

ಅಜ್ಜಿ, ಇದನ್ನು ಚಿಕ್ಕಪ್ಪ ನಿಮಗೆ ಓದಿ ಹೇಳುತ್ತಾರೆ. ಸೇಂಟ್ ಪಾಲ್ ತಲುಪಿದ ಮೇಲೆ ಮೊದಲ ಸೋಮವಾರ ಫೋನ್ ಮಾಡುತ್ತೇನೆ. ನಿಮಗೆ ಆಗ ರಾತ್ರಿ ಒಂಬತ್ತಾಗಿರುತ್ತದೆ, ಮಲಗಿಬಿಡಬೇಡಿ. ಎದ್ದು ಕೂರುವುದು ಬೇಡ, ಮಂಚದ ಮೇಲೆಯೇ ಇರಿ. ಅಲ್ಲಿಯ ಅಜ್ಜಿಯರು ಏನು ಅಡುಗೆ ಮಾಡಿದರು ಅಂತ ಹೇಳುತ್ತೇನೆ.